ಸ್ಲೇಟು ಚಿಕ್ಕದಾದರೆ ತಲೆಯೂ ಚಿಕ್ಕದೆ?

‘ಒಂದು ಮಾತಾದರೂ ನಿನ್ನ ತಲೆಯಲ್ಲಿ ನಿಲ್ಲುತ್ತದೇನೆ?’ ಎಂದು ಒಮ್ಮೆಯೂ ಅನ್ನಿಸಿಕೊಳ್ಳದ ಹೆಂಗಸು ನಮ್ಮ ಊರುಗಳಲ್ಲಿ ಯಾರಾದರೂ ಇದ್ದರೆ ಅವರಿಗೆ ನನ್ನ ದೊಡ್ಡ ನಮಸ್ಕಾರ. ಉಳಿದ ನಾವೆಲ್ಲ ಅನ್ನಿಸಿಕೊಂಡವರೇ. ಬೆಳಿಗ್ಗೆ ಎಂಟೂವರೆಯ ಹೊತ್ತು. ಒಂದು ಒಲೆಯ ಮೇಲೆ ಸಾರು, ಇನ್ನೊಂದರ ಮೇಲೆ ಹಾಲು, ಕುಕ್ಕರ್ ಎರಡು ಸಲ ಕೂಗಿತೋ ಮೂರು ಸಲವೋ ಎಂಬ ಲೆಕ್ಕ, ಮಗನ ಟಿಫಿನ್ ಡಬ್ಬಿ, ಮಾವನವರ ಬಿ.ಪಿ. ಮಾತ್ರೆ, ನಲ್ಲಿ ನಿಲ್ಲುವ ಮೊದಲು ತುಂಬಬೇಕಾದ ಕೊಡಗಳು. ಇಷ್ಟರ ನಡುವೆ ಯಜಮಾನರು ಹೊರಗಿನ ಕೋಣೆಯಿಂದ ಕೂಗಿದ ‘ವಿಮೆಯ ರಸೀತಿ ತೆಗೆದಿಡು’ ಎಂಬ ಮಾತು ಜಾರಿಹೋದರೆ ಅದು ಮರೆವು. ಮರೆವೆಂದರೆ ದಡ್ಡತನ. ಆ ರಸೀತಿಯನ್ನು ಎಲ್ಲಿಟ್ಟೆನೆಂದು ಮೊದಲು ಮರೆತವರು ಅವರೇ ಎಂಬುದು ಬೇರೆ ಮಾತು. ಅವರದು ಮರೆವಲ್ಲ, ‘ಆಫೀಸಿನ ಟೆನ್ಷನ್’.

ಇದೇ ಮಾತು ಮಕ್ಕಳ ಪಾಲಿಗೂ ಬರುತ್ತದೆ. ‘ಅಂಗಡಿಗೆ ಹೋಗಿ ಅರ್ಧ ಕೆಜಿ ಸಕ್ಕರೆ, ಕಾಲು ಕೆಜಿ ತೊಗರಿಬೇಳೆ, ಸಾಬೂನು, ಬೆಂಕಿಪೊಟ್ಟಣ ತಾ, ಚಿಲ್ಲರೆ ಎಣಿಸಿಕೊಂಡು ಬಾ’ ಎಂದು ಓಡಿಸಿದ ಹುಡುಗ ಬೆಂಕಿಪೊಟ್ಟಣ ಬಿಟ್ಟು ಬಂದರೆ ಅವನು ಕುರಿ ಕಾಯಲು ಲಾಯಕ್ಕು. ಕುರಿ ಕಾಯುವುದಕ್ಕೆ ಎಷ್ಟು ಬುದ್ಧಿ ಬೇಕೆಂದು ಕುರಿ ಕಾಯುವವರನ್ನು ಕೇಳಿದವರು ಯಾರೂ ಇಲ್ಲ.

ತಲೆಯಲ್ಲಿ ಒಂದೇ ಸಲಕ್ಕೆ ಎಷ್ಟು ಸಂಗತಿ ಹಿಡಿದಿಟ್ಟುಕೊಳ್ಳುತ್ತೀ ಎಂಬುದೇ ನಿನ್ನ ಬುದ್ಧಿಯ ಅಳತೆ ಎಂಬ ನಂಬಿಕೆ ಈ ಎರಡು ಬೈಗುಳಗಳ ಕೆಳಗೂ ಇದೆ. ಬೈಗುಳ ಬೈಗುಳವಾಗಿಯೇ ಉಳಿದಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ನಾವು ಅದಕ್ಕೆ ಒಗ್ಗಿದ್ದೇವೆ. ಆದರೆ ಈಗೀಗ ಇದೇ ನಂಬಿಕೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಟೈ ಕಟ್ಟಿ, ಲ್ಯಾಪ್‌ಟಾಪ್ ಹಿಡಿದು ನಮ್ಮ ಶಾಲೆಗಳ ಒಳಗೆ ಬಂದು ಕೂತಿದೆ. ಅದಕ್ಕೊಂದು ವಿಜ್ಞಾನದ ಹೆಸರೂ ಇದೆ, ಶುಲ್ಕವೂ ಇದೆ. ನನ್ನ ಜಗಳ ಅದರ ಜೊತೆ.

ಆ ಹೆಸರು ವರ್ಕಿಂಗ್ ಮೆಮೊರಿ. ಕೆಲಸದ ನೆನಪು ಎನ್ನೋಣ. ಚಿಕ್ಕಂದಿನಲ್ಲಿ ಕಲಿತ ಮಗ್ಗಿ, ಮದುವೆಯ ದಿನ ಉಟ್ಟ ಸೀರೆಯ ಬಣ್ಣ, ತವರಿನ ಬಾವಿಕಟ್ಟೆ ಇವೆಲ್ಲ ಬೇರೆ ನೆನಪು. ಅದು ಅಟ್ಟದ ಮೇಲಿನ ಪೆಟ್ಟಿಗೆಯಿದ್ದಂತೆ, ಎಷ್ಟು ತುಂಬಿದರೂ ಜಾಗವಿದೆ. ಕೆಲಸದ ನೆನಪು ಹಾಗಲ್ಲ, ಅದು ಕೈಯಲ್ಲಿ ಹಿಡಿದ ಸ್ಲೇಟು. ಈ ಕ್ಷಣದ ಕೆಲಸಕ್ಕೆ ಬೇಕಾದದ್ದನ್ನು ಬರೆದುಕೊಳ್ಳಬೇಕು, ಕೆಲಸವಾಗುತ್ತಲೇ ಒರೆಸಬೇಕು. ಬೇಕಿದ್ದರೆ ಈಗಲೇ ನೋಡಿ. 6, 2, 9, 4, 7. ಪುಸ್ತಕ ಮುಚ್ಚಿ ಇದನ್ನು ಹಿಂದುಮುಂದಾಗಿ ಹೇಳಿ. ಹೇಳುವಾಗ ತಲೆಯೊಳಗೆ ಏನನ್ನೋ ಹಿಡಿದುಕೊಂಡಂತೆ, ಹಿಡಿದದ್ದು ಜಾರುತ್ತಿರುವಂತೆ ಅನ್ನಿಸಿತಲ್ಲ, ಅದೇ ಆ ಸ್ಲೇಟು.

ನಾನು ಇಪ್ಪತ್ತೆಂಟು ವರ್ಷ ತಾಲ್ಲೂಕಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಈ ಸ್ಲೇಟನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಮೊದಲೇ ಮಕ್ಕಳ ಮುಖದಲ್ಲಿ ಕಂಡಿದ್ದೇನೆ. ನಲವತ್ತೇಳನ್ನು ಆರರಿಂದ ಬಾಯಿಲೆಕ್ಕದಲ್ಲಿ ಗುಣಿಸು ಎಂದರೆ ಹುಡುಗಿ ಏಳಾರಲಿ ನಲವತ್ತೆರಡು ಎನ್ನುತ್ತಾಳೆ. ಎರಡನ್ನು ಒಂದು ಕಡೆ ಇಡಬೇಕು, ನಾಲ್ಕನ್ನು ದಶಕವಾಗಿ ಕೈಯಲ್ಲಿಟ್ಟುಕೊಳ್ಳಬೇಕು, ನಾಲ್ಕಾರಲಿ ಇಪ್ಪತ್ತನಾಲ್ಕು ಮಾಡಬೇಕು, ಅದಕ್ಕೆ ಕೈಯಲ್ಲಿದ್ದ ನಾಲ್ಕು ಸೇರಿಸಬೇಕು, ಒಂದು ಕಡೆ ಇಟ್ಟ ಎರಡನ್ನು ಹುಡುಕಿ ತಂದು ಪಕ್ಕಕ್ಕೆ ಜೋಡಿಸಬೇಕು. ಇನ್ನೂರ ಎಂಬತ್ತೆರಡು. ಈ ದಾರಿಯಲ್ಲಿ ಕೆಲವರ ಎರಡು ಕಳೆದುಹೋಗುತ್ತದೆ, ಕೆಲವರ ದಶಕ ಕಳೆದುಹೋಗುತ್ತದೆ. ಗುಣಾಕಾರ ಎಂದರೇನೆಂಬ ತಿಳಿವಳಿಕೆ ಮಾತ್ರ ಎಲ್ಲಿಯೂ ಕಳೆದುಹೋಗಿರುವುದಿಲ್ಲ. ಅದೇ ಹುಡುಗಿಯ ಕೈಗೆ ಒಂದು ಸೀಮೆಸುಣ್ಣ ಕೊಟ್ಟು ನೋಡಿ.

ಈ ಸ್ಲೇಟಿನ ಅಗಲವೆಷ್ಟು ಎಂದು ಪಂಡಿತರು ಅಳೆಯುತ್ತ ಬಂದಿದ್ದಾರೆ. ಅಮೆರಿಕದ ಜಾರ್ಜ್ ಮಿಲ್ಲರ್ ಎಂಬವರು 1956ರಲ್ಲಿ ಸುಮಾರು ಏಳು ಸಂಗತಿ, ಎರಡು ಹೆಚ್ಚು ಅಥವಾ ಎರಡು ಕಡಿಮೆ ಎಂದರು. 1974ರಲ್ಲಿ ಇಂಗ್ಲೆಂಡಿನ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಇದು ಬರೀ ಇಡುವ ಜಾಗವಲ್ಲ, ಕೆಲಸ ಮಾಡುವ ಜಾಗ ಎಂದು ತೋರಿಸಿದರು. 2001ರಲ್ಲಿ ನೆಲ್ಸನ್ ಕೋವನ್ ಇನ್ನೂ ಬಿಗಿಯಾಗಿ ಲೆಕ್ಕ ಹಾಕಿ, ಮನಸ್ಸಿನಲ್ಲೇ ಹೇಳಿಕೊಳ್ಳುವುದು, ಗುಂಪು ಕಟ್ಟುವುದು ಇತ್ಯಾದಿ ಉಪಾಯಗಳನ್ನೆಲ್ಲ ತೆಗೆದುಹಾಕಿದರೆ ಉಳಿಯುವುದು ನಾಲ್ಕೇ ಎಂದರು. ಎಂದರೆ ಮಹಾಮಹಾ ಬುದ್ಧಿವಂತರ ಸ್ಲೇಟೂ ಅಂಗೈಯಗಲದ್ದೇ. ಆ ಅಂಗೈಯಗಲದಲ್ಲಿ ಒಬ್ಬರದು ಒಂದು ಬೆರಳು ಅಗಲ, ಇನ್ನೊಬ್ಬರದು ಒಂದು ಬೆರಳು ಕಿರಿದು.

ಹಾಗಾದರೆ ಇದಕ್ಕೂ ಬುದ್ಧಿಗೂ ಸಂಬಂಧವೇ ಇಲ್ಲವೆ? ಇದೆ. ಇಲ್ಲವೆಂದು ನಾನು ಹೇಳಿದರೆ ಅದು ಸುಳ್ಳು. 1990ರಲ್ಲಿ ಕಿಲೊನೆನ್ ಮತ್ತು ಕ್ರಿಸ್ಟಲ್ ಎಂಬಿಬ್ಬರು ಅಮೆರಿಕದ ವಾಯುಪಡೆಗೆ ಸೇರಿದ ತರುಣರನ್ನು ಪರೀಕ್ಷಿಸಿ, ತರ್ಕಶಕ್ತಿ ಎನ್ನುವುದು ಕೆಲಸದ ನೆನಪಿಗಿಂತ ಹೆಚ್ಚಿನದೇನೂ ಅಲ್ಲವೇ ಎಂದು ಕೇಳುವಷ್ಟು ಹತ್ತಿರದ ಸಂಬಂಧ ಕಂಡರು. ಅವರ ಲೇಖನದ ತಲೆಬರಹದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯೂ ಇತ್ತು, ಆಶ್ಚರ್ಯಸೂಚಕವೂ ಇತ್ತು. ನಮ್ಮ ಕಡೆ ಅದನ್ನು ಮಾರುವವರು ಎರಡನ್ನೂ ಕಿತ್ತುಹಾಕಿ ಪೂರ್ಣವಿರಾಮ ಇಟ್ಟುಕೊಂಡಿದ್ದಾರೆ. 2005ರಲ್ಲಿ ಅಕರ್ಮನ್ ಮತ್ತು ಸಂಗಡಿಗರು ಅದುವರೆಗಿನ ಹಲವಾರು ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ ಎರಡರ ನಡುವಿನ ಸಂಬಂಧದ ಅಂಕಿ 0.48ರ ಆಸುಪಾಸು ಬಂತು. ಒಂದು ಎಂದರೆ ಎರಡೂ ಪೂರ್ತಿ ಕೂಡಿಯೇ ನಡೆಯುತ್ತವೆ ಎಂದರ್ಥ, ಸೊನ್ನೆ ಎಂದರೆ ಸಂಬಂಧವೇ ಇಲ್ಲ. 0.48 ಅರ್ಧದಂತೆ ಕಂಡರೂ ಲೆಕ್ಕದ ರೀತಿಯಲ್ಲಿ ಅದನ್ನು ಅದರಿಂದಲೇ ಗುಣಿಸಬೇಕು. ಆಗ ಉಳಿಯುವುದು ಕಾಲು ಪಾಲಿಗಿಂತ ತುಸು ಕಡಿಮೆ. ಜನರ ಬುದ್ಧಿಯ ಅಂಕಗಳಲ್ಲಿ ಕಾಣುವ ಹೆಚ್ಚುಕಡಿಮೆಯಲ್ಲಿ ಕಾಲು ಪಾಲು ಈ ಸ್ಲೇಟಿನ ಜೊತೆ ಕೂಡಿಕೊಂಡಿದೆ. ಅದೇ ವರ್ಷ ಇನ್ನೊಂದು ತಂಡದವರು, ನೀವು ಲೆಕ್ಕ ಹಾಕಿದ ರೀತಿ ಸರಿಯಲ್ಲ, ಅದು ಅರ್ಧದಷ್ಟಿದೆ ಎಂದು ವಾದಿಸಿದರು. ಆಗಲಿ, ಅರ್ಧವೇ ಎನ್ನಿ. ಉಳಿದರ್ಧ ಎಲ್ಲಿಗೆ ಹೋಯಿತು? ಸಾರಿಗೆ ಉಪ್ಪು ಬೇಕೇಬೇಕು. ಹಾಗೆಂದು ಉಪ್ಪಿನ ಡಬ್ಬಿ ತೂಗಿ ಇಂಥವಳು ಇಂಥ ಅಡಿಗೆಯವಳು ಎಂದು ಸರ್ಟಿಫಿಕೇಟ್ ಕೊಡುತ್ತಾರೆಯೆ?

ಇನ್ನೊಂದು ಮಾತು. ನೂರಾರು ಜನರ ಗುಂಪಿನಲ್ಲಿ ಕಂಡ ಸಂಬಂಧವನ್ನು ತಂದು ಒಂದು ಮಗುವಿನ ಹಣೆಗೆ ಅಂಟಿಸಲು ಬರುವುದಿಲ್ಲ. ಇದು ಪಿ.ಯು.ಸಿ.ಯಲ್ಲಿ ಸಂಖ್ಯಾಶಾಸ್ತ್ರ ಓದಿದ ಯಾರಿಗಾದರೂ ಗೊತ್ತಿರಬೇಕಾದದ್ದು.

ನನ್ನ ತಂಗಿಯ ಮಗಳ ಹಣೆಗೆ ಅಂಟಿಸಿದರು. ಅವಳು ಜಿಲ್ಲಾ ಕೇಂದ್ರದ ಒಂದು ಖಾಸಗಿ ಶಾಲೆಯಲ್ಲಿ ಒಂಬತ್ತನೇ ತರಗತಿ. ಶಾಲೆಯವರು ಯಾವುದೋ ತರಬೇತಿ ಕೇಂದ್ರದವರನ್ನು ಕರೆಸಿ ಇಡೀ ತರಗತಿಗೆ ‘ಪ್ರತಿಭಾ ಮಾಪನ’ ಮಾಡಿಸಿದರು. ತಲೆಗೆ ಒಂದೂವರೆ ಸಾವಿರ ರೂಪಾಯಿ. ಕಂಪ್ಯೂಟರಿನ ಮುಂದೆ ಕೂರಿಸಿ ಇಂಗ್ಲಿಷಿನಲ್ಲಿ ಅಂಕೆಗಳನ್ನು ಹೇಳುವುದು, ಮಕ್ಕಳು ತಿರುಗಿಸಿ ಒತ್ತುವುದು, ತಪ್ಪಾದರೆ ಕೀಂ ಎಂಬ ಸದ್ದು. ಶುರುವಿಗೆ ಮೊದಲು ಆ ತರುಣ ಹೇಳಿದ್ದೇನೆಂದರೆ, ‘ಇದರ ಮೇಲೆ ನಿಮ್ಮ ಸೆಕ್ಷನ್ ತೀರ್ಮಾನವಾಗುತ್ತೆ, ಹುಷಾರಾಗಿ ಮಾಡಿ.’ ಎರಡು ವಾರಕ್ಕೆ ಬಣ್ಣದ ನಕ್ಷೆಗಳಿದ್ದ ವರದಿ ಬಂತು. ವರ್ಕಿಂಗ್ ಮೆಮೊರಿ ಸರಾಸರಿಗಿಂತ ಕಡಿಮೆ. ವಿಜ್ಞಾನ ಮತ್ತು ಗಣಿತದ ವಿಭಾಗ ಸೂಕ್ತವಲ್ಲ. ಅದರ ಕೆಳಗೇ, 48 ತರಗತಿಗಳ ಮೆಮೊರಿ ತರಬೇತಿ ಪಡೆದರೆ ಸರಿಹೋಗುತ್ತದೆ, ಶುಲ್ಕ 24,000 ರೂಪಾಯಿ. ಸೂಕ್ತವಲ್ಲ ಎಂಬುದು ಹುಟ್ಟುಗುಣವಾದರೆ 24,000 ರೂಪಾಯಿಗೆ ಹೇಗೆ ಸರಿಹೋಗುತ್ತದೆ? 24,000ಕ್ಕೆ ಸರಿಹೋಗುವಂಥದ್ದಾದರೆ ಸೂಕ್ತವಲ್ಲ ಎಂದು ಯಾಕೆ ಬರೆದರು? ತಂಗಿಯ ಗಂಡ ಈ ಪ್ರಶ್ನೆ ಕೇಳಲಿಲ್ಲ, ಬ್ಯಾಂಕಿನಲ್ಲಿರುವವರು, ಲೆಕ್ಕ ಗೊತ್ತಿರುವವರು. ಮುಂದಿನ ಸೋಮವಾರ ಹುಡುಗಿಯನ್ನು ‘ಎ’ ಸೆಕ್ಷನ್ನಿನಿಂದ ‘ಸಿ’ಗೆ ಕಳಿಸಿದರು.

‘ಅಕ್ಕಾ, ಅವಳು ಊಟ ಬಿಟ್ಟಿದಾಳೆ’ ಎಂದು ತಂಗಿ ಫೋನು ಮಾಡಿದಳು. ನಾನು ಹೋದೆ. ಹುಡುಗಿ ಮಾತಾಡಲಿಲ್ಲ. ಎರಡನೆಯ ದಿನ ಸಂಜೆ ತಾನಾಗಿಯೇ ಪಕ್ಕಕ್ಕೆ ಬಂದು ಕೂತಳು. ‘ದೊಡ್ಡಮ್ಮಾ, ನಾನು ದಡ್ಡಿ ಅಂತ ಪ್ರಿಂಟಾಗಿ ಬಂದಿದೆ’ ಅಂದಳು. ಪ್ರಿಂಟಾಗಿ ಬಂದಿದೆ! ಬಾಯಲ್ಲಿ ಅಂದಿದ್ದರೆ ತಿರುಗಿ ಅನ್ನುತ್ತಿದ್ದಳು, ಆ ಮಟ್ಟಿಗೆ ಜೋರಿನ ಹುಡುಗಿಯೇ.

ನಾನು ಅವಳಿಗೆ ಸಮಾಧಾನ ಹೇಳಲು ಹೋಗಲಿಲ್ಲ, ಒಂದು ಲೆಕ್ಕ ಕೊಟ್ಟೆ. ಒಂದು, ಮೂರು, ಐದು, ಏಳು ಹೀಗೆ ತೊಂಬತ್ತೊಂಬತ್ತರವರೆಗಿನ ಬೆಸಸಂಖ್ಯೆಗಳನ್ನೆಲ್ಲ ಕೂಡಿದರೆ ಎಷ್ಟು? ಬಾಯಿಲೆಕ್ಕ ಬೇಡ, ಕಾಗದ ತಗೋ, ಎಷ್ಟು ಹೊತ್ತಾದರೂ ತಗೋ. ಅವಳು ಸ್ವಲ್ಪ ಹೊತ್ತು ಅಂಕೆಗಳನ್ನು ಕೂಡಿದಳು. ಬೇಸರ ಬಂದು ರಂಗೋಲಿಯ ಚುಕ್ಕಿ ಇಡಲು ಶುರುಮಾಡಿದಳು. ಒಂದು ಚುಕ್ಕಿ. ಅದರ ಬಲಕ್ಕೆ, ಕೆಳಕ್ಕೆ, ಮೂಲೆಗೆ ಮೂರು ಚುಕ್ಕಿ. ಎರಡೆರಡರ ಚೌಕವಾಯಿತು. ಅದರ ಸುತ್ತ ಮತ್ತೆ ಎರಡು ಬದಿಗೆ ಐದು. ಮೂರು ಮೂರರ ಚೌಕ. ಅವಳ ಕೈ ನಿಂತಿತು. ‘ಪ್ರತಿ ಸಲ ಚೌಕವೇ ಆಗ್ತಾ ಹೋಗುತ್ತೆ, ಐವತ್ತು ಸಲ ಇಡ್ತೀವಿ, ಐವತ್ತೈವತ್ತಲಿ ಎರಡೂವರೆ ಸಾವಿರ’ ಅಂದಳು. ಈ ಲೆಕ್ಕವನ್ನು ನಾನು ಎಷ್ಟೋ ವರ್ಷ ಎಷ್ಟೋ ಮಕ್ಕಳಿಗೆ ಕೊಟ್ಟಿದ್ದೇನೆ. ಸೂತ್ರ ಉರು ಹೊಡೆದವರು ಅರ್ಧ ನಿಮಿಷದಲ್ಲಿ ಉತ್ತರ ಹೇಳುತ್ತಾರೆ. ಯಾಕೆ ಹಾಗೆ ಎಂದರೆ ಮುಖ ನೋಡುತ್ತಾರೆ. ಇವಳು ಯಾಕೆ ಎಂಬುದನ್ನೇ ಮೊದಲು ಕಂಡಳು. ಇದಕ್ಕೆ ಬುದ್ಧಿ ಎನ್ನದಿದ್ದರೆ ಬೇರೆ ಯಾವ ಹೆಸರಿದೆಯೋ ನನಗೆ ತಿಳಿಯದು. ಆ ಯಂತ್ರದ ಪರೀಕ್ಷೆಯಲ್ಲಿ ಇದಕ್ಕೆ ಕಾಗದವೂ ಇರಲಿಲ್ಲ, ಹೊತ್ತೂ ಇರಲಿಲ್ಲ.

ಬುದ್ಧಿಪರೀಕ್ಷೆ ಹುಟ್ಟಿದ್ದು ಹೀಗಲ್ಲ. ಪ್ಯಾರಿಸ್ಸಿನಲ್ಲಿ ಆಲ್‌ಫ್ರೆಡ್ ಬಿನೆ ಮತ್ತು ಸಿಮೊನ್ 1905ರಲ್ಲಿ ಅದನ್ನು ಮೊದಲು ಮಾಡಿದ್ದು ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಹೆಚ್ಚಿನ ಸಹಾಯ ಕೊಡಲಿಕ್ಕೆ. ಅಂಕೆಗಳನ್ನು ಕೇಳಿ ತಿರುಗಿ ಹೇಳುವುದು ಅದರಲ್ಲೂ ಇತ್ತು, ಹಲವು ಬಗೆಯ ಪ್ರಶ್ನೆಗಳ ನಡುವೆ ಒಂದಾಗಿ. ಬುದ್ಧಿ ಹುಟ್ಟಿನಲ್ಲೇ ಅಳೆದು ಕೊಟ್ಟ ಪಡಿ, ಅದು ಹೆಚ್ಚುವುದಿಲ್ಲ ಎನ್ನುವವರ ವಿರುದ್ಧ ಬಿನೆ 1909ರಲ್ಲೇ ಸಿಟ್ಟಿನಿಂದ ಬರೆದರು. ಆ ಪರೀಕ್ಷೆ ಕನ್ನಡಕ್ಕೆ ಬಂದದ್ದೂ ಬಹಳ ಹಿಂದೆ. 1930ರ ದಶಕದಲ್ಲಿ ವಿ. ವಿ. ಕಾಮತ್ ಎಂಬವರು ಅದನ್ನು ಹಾಗೆಯೇ ಎತ್ತಿಕೊಳ್ಳದೆ, ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳ ಮೇಲೆ ಪ್ರಯೋಗಿಸಿ, ನಮ್ಮ ಮಕ್ಕಳಿಗೆ ಹೊಂದುವಂತೆ ತಿದ್ದಿದರು. ಬಿನೆ-ಕಾಮತ್ ಪರೀಕ್ಷೆ ಎಂದು ಇವತ್ತಿಗೂ ಅದಕ್ಕೆ ಹೆಸರಿದೆ. ತೊಂಬತ್ತು ವರ್ಷಗಳ ಹಿಂದೆ ಒಬ್ಬರಿಗೆ ಇದ್ದ ಈ ಎಚ್ಚರ ಇವತ್ತಿನ ಲ್ಯಾಪ್‌ಟಾಪಿನವರಿಗೆ ಇಲ್ಲ.

ಭಾಷೆ ಯಾಕೆ ಮುಖ್ಯ ಎನ್ನುತ್ತೀರಾ? ಒನ್, ಟೂ, ತ್ರೀ, ಫೋರ್ ಎಂದು ಇಂಗ್ಲಿಷಿನಲ್ಲಿ ಹೇಳಿ ನೋಡಿ, ಒಂಬತ್ತರಲ್ಲಿ ಸೆವೆನ್ ಒಂದು ಬಿಟ್ಟರೆ ಎಲ್ಲವೂ ಒಂದೇ ಉಸಿರಿನ ಪದ. ಒಂದು, ಎರಡು, ಮೂರು, ನಾಲ್ಕು, ಒಂಬತ್ತು ಎಂದು ಹೇಳಿ ನೋಡಿ, ಎಲ್ಲಕ್ಕೂ ಎರಡು ಮೂರು ಅಕ್ಷರ. ತಲೆಯೊಳಗೆ ಹೇಳಿಕೊಳ್ಳಲು ಹೆಚ್ಚು ಹೊತ್ತು ಹಿಡಿಯುವ ಪದಗಳು ಸ್ಲೇಟಿನಲ್ಲಿ ಹೆಚ್ಚು ಜಾಗ ತಿನ್ನುತ್ತವೆ. ಬ್ರಿಟನ್ನಿನ ವೆಲ್ಷ್ ಭಾಷೆಯವರ ವಿಷಯದಲ್ಲಿ ಎಲಿಸ್ ಮತ್ತು ಹೆನೆಲಿ ಎಂಬವರು 1980ರಲ್ಲಿ ಇದನ್ನು ತೋರಿಸಿಕೊಟ್ಟರು. ಅದೇ ಜನ, ವೆಲ್ಷ್ ಅಂಕೆಗಳಲ್ಲಿ ಕೇಳಿದರೆ ಕಡಿಮೆ ನೆನಪು, ಇಂಗ್ಲಿಷ್ ಅಂಕೆಗಳಲ್ಲಿ ಕೇಳಿದರೆ ಹೆಚ್ಚು. ನನ್ನ ತಂಗಿಯ ಮಗಳು ಮನೆಯಲ್ಲಿ ಎಣಿಸುವುದು ಕನ್ನಡದಲ್ಲಿ. ಅವಳು ಇಂಗ್ಲಿಷಿನಲ್ಲಿ ಕೇಳಿ, ಕನ್ನಡದಲ್ಲಿ ಹಿಡಿದು, ತಿರುಗಿಸಿ, ಮತ್ತೆ ಇಂಗ್ಲಿಷಿಗೆ ತಂದು ಒತ್ತಬೇಕಿತ್ತು. ಎದುರಿನ ಮಕ್ಕಳು ಒಂದು ಕೊಡ ಹೊತ್ತರೆ ಇವಳು ಎರಡು ಕೊಡ ಹೊತ್ತು ನಡೆದಂತೆ. ನಡಿಗೆ ನಿಧಾನವಾಯಿತು ಎಂದು ವರದಿ ಬಂತು.

ಭಯದ ಮಾತಂತೂ ಇದ್ದೇ ಇದೆ. ಲೆಕ್ಕವೆಂದರೆ ಹೆದರುವವರು ದಶಕ ಹಿಡಿದು ಮಾಡುವ ಲೆಕ್ಕಗಳಲ್ಲಿ ತಪ್ಪುವುದು ಲೆಕ್ಕ ಬಾರದೆ ಅಲ್ಲ, ಹೆದರಿಕೆಯೇ ಅವರ ಕೆಲಸದ ನೆನಪಿನ ಒಂದು ಭಾಗವನ್ನು ಆಕ್ರಮಿಸುವುದರಿಂದ ಎಂದು ಆಶ್‌ಕ್ರಾಫ್ಟ್ ಮತ್ತು ಕರ್ಕ್ 2001ರಲ್ಲಿ ವಿವರಿಸಿದರು. ‘ಸೆಕ್ಷನ್ ತೀರ್ಮಾನವಾಗುತ್ತೆ’ ಎಂಬ ಒಂದು ವಾಕ್ಯವನ್ನು ಹುಡುಗಿಯ ಸ್ಲೇಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು, ಆಮೇಲೆ ಉಳಿದ ಜಾಗ ಎಷ್ಟೆಂದು ಅಳೆದವರು ಅವರೇ.

ಸ್ಲೇಟು ಖಾಲಿಯಾಗಿ ನಮ್ಮ ಕೈಗೆ ಬರುವುದಿಲ್ಲ ಎಂಬುದಕ್ಕೆ ನೆರೆಯ ತಮಿಳುನಾಡಿನ ಒಂದು ಅಧ್ಯಯನವಿದೆ. 54 ಹಳ್ಳಿಗಳ 464 ಕಬ್ಬು ಬೆಳೆಗಾರರನ್ನು ಕೊಯ್ಲಿಗೆ ಮೊದಲು ಒಮ್ಮೆ, ಕೊಯ್ಲಾಗಿ ಹಣ ಕೈಗೆ ಬಂದ ಮೇಲೆ ಇನ್ನೊಮ್ಮೆ ಪರೀಕ್ಷಿಸಿದರು. 2013ರಲ್ಲಿ ಅದರ ಫಲ ಪ್ರಕಟವಾಯಿತು. ಕೈ ಬಿಗಿಯಾಗಿದ್ದಾಗ ತರ್ಕದ ಮತ್ತು ಗಮನದ ಪರೀಕ್ಷೆಗಳಲ್ಲಿ ಹಿಂದೆ ಬಿದ್ದವರೇ ಹಣ ಬಂದಾಗ ಚುರುಕಾದರು. ಅದೇ ತಲೆ, ಅದೇ ರೈತ. ಆ ಲೆಕ್ಕಾಚಾರದ ಬಗ್ಗೆ ಆಮೇಲೆ ಪಂಡಿತರಲ್ಲಿ ವಾದವೂ ನಡೆಯಿತು, ನಡೆಯಲಿ. ತಿಂಗಳ ಕೊನೆಯ ವಾರದಲ್ಲಿ ಮನೆ ನಡೆಸಿದ ಯಾವ ಹೆಂಗಸಿಗೂ ಇದರಲ್ಲಿ ಆಶ್ಚರ್ಯಪಡುವಂಥದ್ದು ಕಾಣುವುದಿಲ್ಲ.

ಈಗ ನಮ್ಮ ಮರೆವಿಗೆ ಬನ್ನಿ. ಭಾರತ ಸರ್ಕಾರ 2019ರಲ್ಲಿ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಆ ಕೆಲಸಕ್ಕೆ ಕೈಹಾಕುವ ಗಂಡಸರು 97 ನಿಮಿಷ. ಇದು ಕೈಯ ಕೆಲಸದ ಲೆಕ್ಕ. ಗ್ಯಾಸ್ ಯಾವಾಗ ಮುಗಿಯುತ್ತದೆ, ನಾಳೆ ದೋಸೆಗೆ ಅಕ್ಕಿ ನೆನೆಹಾಕಿದೆನೆ, ನಾದಿನಿಯ ಮಗುವಿನ ನಾಮಕರಣಕ್ಕೆ ಏನು ಕೊಡುವುದು, ಕೆಲಸದವಳು ನಾಳೆ ಬರುತ್ತಾಳೆಯೇ ಎಂದು ತಲೆಯಲ್ಲಿ ಹೊತ್ತು ತಿರುಗುವುದರ ಲೆಕ್ಕವನ್ನು ಯಾರು ಬರೆದುಕೊಂಡಿದ್ದಾರೆ? ಕುದಿಯುವ ಹಾಲಿನ ಮೇಲೆ ಅರ್ಧ ಕಣ್ಣಿಟ್ಟು ಗೃಹಪಾಠ ಹೇಳಿಕೊಡುವವಳ ಸ್ಲೇಟಿನಲ್ಲಿ ನಾಲ್ಕು ಮನೆ ಇದ್ದರೆ ಮೂರು ಮನೆ ಪರರ ಹೆಸರಿಗೆ ನೋಂದಣಿಯಾಗಿವೆ. ಉಳಿದ ಒಂದರಲ್ಲಿ ಅವಳು ಕತೆ ಓದುತ್ತಾಳೆ, ಹಾಡು ಕಲಿಯುತ್ತಾಳೆ, ಕೆಲವರು ಪಿಎಚ್.ಡಿ.ಯನ್ನೂ ಮಾಡಿದ್ದಾರೆ. ಅಂಥವಳಿಗೆ ‘ವಯಸ್ಸಾಯಿತು, ತಲೆ ಓಡುವುದಿಲ್ಲ’ ಎನ್ನುವವರು ಒಂದು ವಾರ ಆ ಮೂರು ಮನೆಯ ಬಾಡಿಗೆ ಕಟ್ಟಿ ನೋಡಲಿ.

ಅಗಲವಾದ ಸ್ಲೇಟೇ ಅಸಾಧಾರಣ ಬುದ್ಧಿಯ ಗುಟ್ಟು ಎನ್ನುವವರಿಗೆ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಶಕುಂತಲಾ ದೇವಿಯವರನ್ನು ತೋರಿಸುತ್ತೇನೆ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಹದಿಮೂರು ಅಂಕೆಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದವರು ಅವರು. ಆರ್ಥರ್ ಜೆನ್ಸನ್ ಎಂಬ ಮನಶ್ಶಾಸ್ತ್ರಜ್ಞ 1988ರಲ್ಲಿ ಅವರನ್ನು ತಮ್ಮ ಪ್ರಯೋಗಗಳಿಗೆ ಒಳಪಡಿಸಿದರು. ದೀಪ ಹತ್ತಿದ ಕೂಡಲೆ ಗುಂಡಿ ಒತ್ತುವಂಥ, ಮನಸ್ಸಿನ ಮೂಲ ವೇಗ ಅಳೆಯುವ ಪರೀಕ್ಷೆಗಳಲ್ಲಿ ಆ ಮಹಾತಾಯಿ ವಿಶೇಷವೇನೂ ಅಲ್ಲದ ಸಾಧಾರಣ ಫಲಿತಾಂಶ ಪಡೆದರು! ಅವರ ಬಲವಿದ್ದದ್ದು ಬಾಲ್ಯದಿಂದ ಸಂಖ್ಯೆಗಳ ಜೊತೆ ಬಾಳಿದ ಸಲಿಗೆಯಲ್ಲಿ. ನಮಗೆ ನಾಲ್ಕು ಅಂಕೆಗಳ ಸಂಖ್ಯೆ ನಾಲ್ಕು ಅಪರಿಚಿತರು. ಅವರಿಗೆ ಅದು ಒಬ್ಬ ಹಳೆಯ ಗೆಳತಿ.

ಇದಕ್ಕಿಂತ ಮೊದಲೇ ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಮೋಜಿನ ಪ್ರಯೋಗ ನಡೆದಿತ್ತು. ಏಳು ಅಂಕೆ ನೆನಪಿಡುತ್ತಿದ್ದ ಸಾಧಾರಣ ವಿದ್ಯಾರ್ಥಿಯೊಬ್ಬ ಒಂದೂವರೆ ವರ್ಷಕ್ಕೂ ಮೀರಿ ಅಭ್ಯಾಸ ಮಾಡಿ ಸುಮಾರು 80 ಅಂಕೆಗಳನ್ನು ಒಮ್ಮೆ ಕೇಳಿ ಹೇಳುವಂತಾದ. ಅವನು ಓಟಗಾರ, ಅಂಕೆಗಳನ್ನು ಓಟದ ವೇಳೆಗಳಾಗಿ ಗುಂಪು ಕಟ್ಟುತ್ತಿದ್ದ. 1980ರಲ್ಲಿ ಎರಿಕ್‌ಸನ್, ಚೇಸ್ ಮುಂತಾದವರು ಇದನ್ನು ಪ್ರಕಟಿಸಿದರು. ಅಂಕೆ ಬಿಟ್ಟು ಅಕ್ಷರಗಳನ್ನು ಕೊಟ್ಟಾಗ ಅವನು ನೆನಪಿಟ್ಟದ್ದು ಎಷ್ಟು ಗೊತ್ತೆ? ಆರು. ಸ್ಲೇಟು ಹಿಗ್ಗಿರಲಿಲ್ಲ, ಬರೆಯುವ ಉಪಾಯ ಕಲಿತಿದ್ದ ಅಷ್ಟೆ.

ನಮ್ಮ ಅವಧಾನ ಕಲೆಯೂ ಇದನ್ನೇ ಹೇಳುತ್ತದೆ. ಶತಾವಧಾನಿ ಆರ್. ಗಣೇಶ್ ಅವರ ಕಾರ್ಯಕ್ರಮ ನೋಡಿದವರಿಗೆ ಗೊತ್ತು. ಒಬ್ಬರು ಸಮಸ್ಯೆ ಕೊಡುತ್ತಾರೆ, ಒಬ್ಬರು ಅಕ್ಷರ ಅಕ್ಷರಕ್ಕೆ ಇದು ಬೇಡ ಎಂದು ತಡೆಯುತ್ತಾರೆ, ನಡುನಡುವೆ ಅಪ್ರಸ್ತುತ ಪ್ರಸಂಗದವರು ಮಗ್ಗುಲಲ್ಲಿ ಕೂತು ತಲೆಹರಟೆ ಪ್ರಶ್ನೆ ಕೇಳುತ್ತಾರೆ. ಸುತ್ತು ಸುತ್ತಿಗೆ ಪದ್ಯದ ಒಂದೊಂದೇ ಪಾದ ಕಟ್ಟುತ್ತ ಹೋಗಿ ಕೊನೆಗೆ ಎಲ್ಲವನ್ನೂ ಒಟ್ಟಿಗೆ ಒಪ್ಪಿಸುವುದನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ. ಅಲ್ಲಿ ಹಿಡಿದಿಡುವುದು ಛಂದಸ್ಸು, ದಶಕಗಳ ಓದು, ಭಾಷೆಯ ಮೇಲಿನ ಹಿಡಿತ. ನಲವತ್ತೆಂಟು ತರಗತಿಗಳಲ್ಲಿ ಅದು ಬರುವುದಾಗಿದ್ದರೆ ಓಣಿಗೊಬ್ಬ ಅವಧಾನಿ ಇರುತ್ತಿದ್ದ.

ತರಬೇತಿಯ ವ್ಯಾಪಾರದ ಕತೆಯನ್ನೂ ಹೇಳಿಬಿಡುತ್ತೇನೆ. 2008ರಲ್ಲಿ ಒಂದು ತಂಡ, ಕೆಲಸದ ನೆನಪಿನ ಅಭ್ಯಾಸದಿಂದ ಬುದ್ಧಿಯೇ ಹೆಚ್ಚುತ್ತದೆ ಎಂದು ಪ್ರಕಟಿಸಿತು. ಲೋಕವೆಲ್ಲ ಕುಣಿಯಿತು. 2013ರಲ್ಲಿ ಮೆಲ್ಬಿ-ಲೆರ್ವಾಗ್ ಮತ್ತು ಹ್ಯೂಮ್ ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿ ನೋಡಿದರು. ಆ ಆಟ ಆಡಿದವರು ಆ ಆಟದಲ್ಲಿ ಚುರುಕಾಗುತ್ತಾರೆ, ಓದಿನಲ್ಲಾಗಲಿ ಲೆಕ್ಕದಲ್ಲಾಗಲಿ ಅದು ಇಳಿದುಬರುವುದಕ್ಕೆ ಒಳ್ಳೆಯ ಆಧಾರವಿಲ್ಲ ಎಂಬುದು ಅವರಿಗೆ ಕಂಡದ್ದು. 2016ರಲ್ಲಿ ಮಿದುಳಿನ ಆಟ ಮಾರುವ ಹೆಸರಾಂತ ಕಂಪನಿಯೊಂದು ಸುಳ್ಳು ಭರವಸೆಗಳ ಆರೋಪಕ್ಕೆ ಅಮೆರಿಕದ ಸರ್ಕಾರಿ ಆಯೋಗದ ಜೊತೆ ರಾಜಿ ಮಾಡಿಕೊಂಡು 20 ಲಕ್ಷ ಡಾಲರ್ ಕಟ್ಟಿತು. ನಮ್ಮಲ್ಲಿ ಅದೂ ಇಲ್ಲ. ನಮ್ಮಲ್ಲಿ ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ‘ಮಿಡ್‌ಬ್ರೈನ್’ ತರಬೇತಿ ಊರೂರಿಗೆ ಬಂತು. ಮೂಗಿನ ಪಕ್ಕದ ಸಂದಿಯಿಂದ ಮಕ್ಕಳು ಇಣುಕುತ್ತಾರೆ ಎಂದು ಮಂಗಳೂರಿನ ನರೇಂದ್ರ ನಾಯಕ್ ಅವರು ಊರೂರು ತಿರುಗಿ ತೋರಿಸಬೇಕಾಯಿತು. ನಮ್ಮಜ್ಜಿ ಬುದ್ಧಿ ಬರಲೆಂದು ಒಂದೆಲಗದ ತಂಬುಳಿ ಮಾಡುತ್ತಿದ್ದರು. ಬುದ್ಧಿ ಬಂತೋ ಬಿಟ್ಟಿತೋ, ಊಟವಂತೂ ಸೇರುತ್ತಿತ್ತು.

ಅದೇ ಅಜ್ಜಿ ಏನನ್ನಾದರೂ ನೆನಪಿಡಬೇಕಾದರೆ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಹಾಲಿನವನ ಲೆಕ್ಕಕ್ಕೆ ಅಡಿಗೆಮನೆಯ ಗೋಡೆಯ ಮೇಲೆ ಇದ್ದಿಲ ಗೆರೆ. ಶಾಲೆಯ ಮೆಟ್ಟಿಲು ಹತ್ತದ ಅವರನ್ನು ಹಾಲಿನವನು ಒಂದು ದಿನವೂ ಏಮಾರಿಸಲಾಗಲಿಲ್ಲ. ತಲೆಯ ಸ್ಲೇಟು ಚಿಕ್ಕದೆಂದು ಅವರಿಗೆ ಗೊತ್ತಿತ್ತು, ಅದಕ್ಕೇ ಗೋಡೆಯನ್ನು ಸ್ಲೇಟು ಮಾಡಿಕೊಂಡರು. ಮನುಷ್ಯ ಬರವಣಿಗೆ ಕಂಡುಹಿಡಿದದ್ದೂ ಈ ಕಾರಣಕ್ಕೇ ಇರಬೇಕು. ಹೀಗಿರುವಾಗ ಬೆರಳು ಮಡಿಸಿ ಎಣಿಸಿದ ಮಗುವಿನ ಬೆರಳಿಗೆ ಹೊಡೆಯುವ, ಪಕ್ಕದಲ್ಲಿ ಕಚ್ಚಾ ಲೆಕ್ಕ ಮಾಡಿಕೊಂಡರೆ ಅಂಕ ಕಳೆಯುವ ಮೇಷ್ಟರುಗಳನ್ನು ಕಂಡರೆ ನನಗೆ ಇಂದಿಗೂ ರಕ್ತ ಕುದಿಯುತ್ತದೆ.

ಕೆಲಸದ ನೆನಪು ನಿಜಕ್ಕೂ ಕಡಿಮೆಯಿರುವ ಮಕ್ಕಳಿದ್ದಾರೆ. ಅವರಿಗೆ ಕಷ್ಟವೂ ಇದೆ. ಬ್ರಿಟನ್ನಿನಲ್ಲಿ ಸೂಸನ್ ಗ್ಯಾದರ್‌ಕೋಲ್ ಮತ್ತು ಟ್ರೇಸಿ ಅಲೋವೆ ಇಂಥ ಮಕ್ಕಳನ್ನು ತರಗತಿಯಲ್ಲೇ ಗಮನಿಸಿ ಹೇಳಿದ್ದೆಂದರೆ, ಶಿಕ್ಷಕರು ಇವರನ್ನು ಗಮನ ಕೊಡದವರು ಎಂದುಕೊಳ್ಳುತ್ತಾರೆ, ನೆನಪಿನ ತೊಂದರೆ ಎಂದು ಹೊಳೆಯುವುದೇ ಇಲ್ಲ. ಅಂಥ ಮಗುವಿಗೆ ಬೇಕಾದದ್ದು ಅಗ್ಗದ ಸಂಗತಿಗಳು. ‘ಪುಸ್ತಕ ತೆಗೆ, ನಲವತ್ತನೇ ಪುಟ, ಮೂರನೇ ಲೆಕ್ಕ, ಬೆಸ ಸಂಖ್ಯೆಯವು ಮಾತ್ರ, ಮುಗಿಸಿ ಮೇಜಿನ ಮೇಲಿಡು’ ಎಂದು ಒಂದೇ ಉಸಿರಿಗೆ ಹೇಳದೆ ಒಂದೊಂದಾಗಿ ಹೇಳುವುದು. ಬೋರ್ಡಿನ ಮೂಲೆಯಲ್ಲಿ ಬರೆದಿಡುವುದು. ಮಗ್ಗಿಯ ಪಟ್ಟಿ ಗೋಡೆಗೆ ತೂಗುಹಾಕುವುದು. ಮರೆತು ಕೇಳಿದರೆ ಗದರದೆ ಇನ್ನೊಮ್ಮೆ ಹೇಳುವುದು. ಇದಕ್ಕೆಲ್ಲ ಬೇಕಾದದ್ದು ಒಂದು ಪೆಟ್ಟಿಗೆ ಸೀಮೆಸುಣ್ಣ. ಆದರೆ ಇದರಲ್ಲಿ ಯಾರಿಗೂ 24,000 ರೂಪಾಯಿ ಸಿಗುವುದಿಲ್ಲವಲ್ಲ.

ನಿಮ್ಮ ಮಗುವಿನ ಕೈಯಲ್ಲೂ ಇಂಥ ವರದಿ ಬಂದರೆ ಅಳುತ್ತ ಕೂರಬೇಡಿ, ಅದನ್ನು ಹಿಡಿದು ಹೋಗಿ ಕೇಳಿ. ಪರೀಕ್ಷೆಯ ಹೆಸರೇನು? ಯಾವ ಊರಿನ, ಯಾವ ಭಾಷೆಯ ಮಕ್ಕಳ ಸರಾಸರಿಗೆ ಇದನ್ನು ಹೋಲಿಸಿದ್ದೀರಿ? ಪರೀಕ್ಷೆ ಮಾಡಿದವರು ಯಾರು, ಕ್ಲಿನಿಕಲ್ ಸೈಕಾಲಜಿಸ್ಟ್ ಎಂದಾದರೆ ರಿಹ್ಯಾಬಿಲಿಟೇಶನ್ ಕೌನ್ಸಿಲಿನ ನೋಂದಣಿ ಸಂಖ್ಯೆ ಎಲ್ಲಿ? ಒಂದೇ ದಿನದ ಒಂದೇ ಪರೀಕ್ಷೆಯೋ, ಬೇರೆ ದಿನ ಇನ್ನೊಮ್ಮೆ ನೋಡಿದಿರೋ? ತರಬೇತಿ ಮಾರುವವರೇ ಪರೀಕ್ಷೆಯನ್ನೂ ಮಾಡಿದ್ದು ಯಾಕೆ?

ನನ್ನ ತಂಗಿ ಈ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಶಾಲೆಗೆ ಹೋದಳು. ಮುಖ್ಯೋಪಾಧ್ಯಾಯರು ಮೊದಲ ಎರಡಕ್ಕೆ ಉತ್ತರಿಸಲು ತಡವರಿಸಿ, ಮೂರನೆಯದಕ್ಕೆ ಆ ಕೇಂದ್ರದವರಿಗೆ ಫೋನು ಹಚ್ಚಿದರು. ಅವರು ತಿರುಗಿ ಹೇಳುತ್ತೇವೆ ಎಂದಿದ್ದಾರಂತೆ. ಮೂರು ವಾರವಾಯಿತು. ಹುಡುಗಿ ಇನ್ನೂ ‘ಸಿ’ ಸೆಕ್ಷನ್ನಿನಲ್ಲೇ ಇದ್ದಾಳೆ. ಬರುವ ಗುರುವಾರ ನಾವಿಬ್ಬರೂ ಮತ್ತೆ ಹೋಗುವವರಿದ್ದೇವೆ, ಈ ಸಲ ಅವಳ ಅಪ್ಪನೂ ರಜೆ ಹಾಕಿದ್ದಾರೆ.